ಬೇಡದ್ದೆಲ್ಲ ಬರೆದ ಕೈ

ಈಚೆಗೆ ಮೈಸೂರಿನ ಒಂದು ಹೋಟೆಲಿನಲ್ಲಿ 'ಚಿಕಿತ್ಸೆಯಲ್ಲಿ ಪೋಲು ತಡೆಯುವುದು ಹೇಗೆ' ಎಂಬ ವಿಷಯದ ಮೇಲೆ ಯುವ ವೈದ್ಯರಿಗೊಂದು ಕಾರ್ಯಾಗಾರ ನಡೆಯಿತು. ನಿವೃತ್ತಳಾದ ನನ್ನನ್ನೂ ಮಾತನಾಡಲು ಕರೆದಿದ್ದರು. ಬಾಗಿಲಲ್ಲೇ ಒಂದು ಚೀಲ ಕೊಟ್ಟರು. ಚೀಲದೊಳಗೆ ಒಂದು ಫೈಲು, ಆ ಫೈಲಿನೊಳಗೆ ಇನ್ನೊಂದು ಫೈಲು, ಎರಡು ಪೆನ್ನು, ಒಂದು ಪ್ಲಾಸ್ಟಿಕ್ ನೀರಿನ ಬಾಟಲಿ. ಉದ್ಘಾಟಕರು ಬಂದದ್ದು ಒಂದು ಗಂಟೆ ತಡವಾಗಿ. ಅವರ ಭಾಷಣ ಮುಕ್ಕಾಲು ಗಂಟೆ. ಶಾಲು, ಹಾರ, ಪೇಟಗಳಿಗೆ ಅರ್ಧ ಗಂಟೆ. ನನ್ನ ಸರದಿ ಬರುವ ಹೊತ್ತಿಗೆ ಪಕ್ಕದ ಹಾಲಿನಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿತ್ತು. ನಿರೂಪಕಿ ನನ್ನ ಕಿವಿಯ ಬಳಿ ಬಾಗಿ, "ಮೇಡಂ, ಐದೇ ನಿಮಿಷ" ಎಂದಳು. ಪೋಲು ತಡೆಯುವ ಕೆಲಸ ನನ್ನಿಂದಲೇ ಶುರುವಾಗಲಿ ಎಂದುಕೊಂಡು ಮೂರೇ ನಿಮಿಷಕ್ಕೆ ಮುಗಿಸಿ ಕೆಳಗಿಳಿದೆ. ಆ ದಿನ ಬಂದ ಚಪ್ಪಾಳೆಯಷ್ಟು ಮನಃಪೂರ್ವಕವಾದ ಚಪ್ಪಾಳೆ ನನ್ನ ವೃತ್ತಿಯಲ್ಲಿ ಇನ್ನೊಮ್ಮೆ ಬಂದಿಲ್ಲ.

ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ಸ್ಟೆತಾಸ್ಕೋಪು ಕೊಂಡವರಿಗೆ ಉಪಯೋಗಕ್ಕೆ ಬಂದರೆ ಬರಲಿ.

ನಾನು ಜಯಮ್ಮ. ಹಿನಕಲ್ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಹುಟ್ಟಿದವಳು. ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗೊಂದು ಡಯಾಗ್ನೋಸ್ಟಿಕ್ ಸೆಂಟರ್ ಇದೆ, ಫಸಲು ಚೆನ್ನಾಗಿದೆಯಂತೆ. ಎಂ.ಡಿ. ಮುಗಿಸಿ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ, ಆಮೇಲೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಜ್ವರ, ಕೆಮ್ಮು, ಸಕ್ಕರೆ, ರಕ್ತದೊತ್ತಡ ನೋಡುತ್ತ ಆಯುಷ್ಯ ಕಳೆದೆ. ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದೆಲ್ಲ ನನಗೆ ಕೊಟ್ಟ ಬೀಳ್ಕೊಡುಗೆ ಫಲಕದ ಮೇಲಿದೆ. ಅದರ ಮೇಲೀಗ ಮನಿಪ್ಲಾಂಟ್ ಹಬ್ಬಿದೆ. ಆಸಕ್ತರು ಎಲೆ ಸರಿಸಿ ಓದಿಕೊಳ್ಳಬಹುದು.

ಬೇಡದ್ದನ್ನು ಬರೆಯುವ ವಿದ್ಯೆ ನನಗೆ ಹುಟ್ಟಿನಿಂದ ಬಂದದ್ದಲ್ಲ. ಅದನ್ನು ಶಿಸ್ತಾಗಿ ಕಲಿಸಿದರು.

ಹೌಸ್ ಸರ್ಜನ್ ಆಗಿದ್ದಾಗ ನಮ್ಮ ಯೂನಿಟ್ಟಿಗೆ ಒಬ್ಬ ಮುಖ್ಯಸ್ಥರಿದ್ದರು. ದೊಡ್ಡ ವಿದ್ವಾಂಸರು. ಬೆಳಿಗ್ಗೆ ರೌಂಡ್ಸಿಗೆ ಬಂದರೆ ರೋಗಿಯ ಮುಖ ನೋಡುವ ಮೊದಲು ನಮ್ಮ ಮುಖ ನೋಡುತ್ತಿದ್ದರು. "ಸೋಡಿಯಂ ಎಷ್ಟು? ಯೂರಿಯಾ ಎಷ್ಟು?" ಎಂದು ಕೇಳುವರು. "ಮಾಡಿಸಿಲ್ಲ ಸರ್" ಎಂದರೆ ಮುಗಿಯಿತು; ಇಡೀ ವಾರ್ಡಿನ ಎದುರು, ರೋಗಿಗಳೂ ಅವರ ನೆಂಟರೂ ಆಯಾಗಳೂ ಕೇಳುವಂತೆ ನಮ್ಮ ಮಾನ ಹರಾಜು. ಯಾಕೆ ಮಾಡಿಸಬೇಕಿತ್ತು ಎಂದು ಅವರು ಹೇಳುತ್ತಿರಲಿಲ್ಲ, ನಾವು ಕೇಳುತ್ತಿರಲಿಲ್ಲ. ಬದುಕುವ ದಾರಿ ಒಂದೇ ಇತ್ತು: ಎಲ್ಲರಿಗೂ, ಎಲ್ಲ ಪರೀಕ್ಷೆ, ಪ್ರತಿದಿನ. ರೋಗಿಗೆ ಏನಾಗಿದೆ ಎಂದು ತಿಳಿಯಲು ನಾವು ರಕ್ತ ತೆಗೆಯುತ್ತಿರಲಿಲ್ಲ, ಸಾಹೇಬರು ಏನು ಕೇಳಿಯಾರು ಎಂಬ ಭಯಕ್ಕೆ ತೆಗೆಯುತ್ತಿದ್ದೆವು.

ಕಡಕೊಳದ ಕಡೆಯಿಂದ ಕೆಂಪಮ್ಮ ಎಂಬ ಮುದುಕಿ ಕಾಲಿಗೆ ಕೀವಾಗಿ ಬಂದು ಸೇರಿದ್ದಳು. ಕಡ್ಡಿಯಂಥ ಮೈ. ಔಷಧಿಗೆ ಕೀವು ಬೇಗ ಬಗ್ಗಿತು, ಊತ ಇಳಿಯಿತು. ಆದರೂ ನಾನು ದಿನಾ ಬೆಳಿಗ್ಗೆ ಹೋಗಿ ಆಕೆಯ ತೋಳಿಗೆ ರಬ್ಬರು ಕಟ್ಟಿ ಮೂರು ಸೀಸೆ ತುಂಬಿಕೊಂಡು ಬರುತ್ತಿದ್ದೆ. ಹನ್ನೆರಡನೆಯ ದಿನ ಸಾಹೇಬರು ರಿಪೋರ್ಟ್ ನೋಡಿ ಹುಬ್ಬೇರಿಸಿದರು. "ಬಂದಾಗ ಇದ್ದ ರಕ್ತ ಈಗಿಲ್ಲವಲ್ಲ! ಎಲ್ಲಿ ಸೋರುತ್ತಿದೆ?"

ನಾನು ಚುರುಕಾಗಿ ಪಟ್ಟಿ ಒಪ್ಪಿಸಿದೆ. ಮಲ ಪರೀಕ್ಷೆ, ಎಂಡೋಸ್ಕೋಪಿ, ಅದರಲ್ಲೂ ಸಿಗದಿದ್ದರೆ ಮೂಳೆಯ ಮಜ್ಜೆ.

ಕೆಂಪಮ್ಮ ಮಂಚದಲ್ಲೇ ಎದ್ದು ಕೂತಳು. "ಬುದ್ಧೀ, ದಿನಾ ಒತ್ತಾರೆ ಈ ಮಗಳು ಬಂದು ಎಳ್ಕೊಂಡು ಓಯ್ತದೆ. ಎಲ್ಲೋಯ್ತು ಅಂತ ಅದನ್ನೇ ಕೇಳಿ" ಎಂದಳು.

ಇಡೀ ವಾರ್ಡು ನಕ್ಕಿತು. ಸಾಹೇಬರು ನಗಲಿಲ್ಲ. ಗಂಭೀರವಾಗಿ ಕಬ್ಬಿಣದ ಮಾತ್ರೆ ಬರೆದು ಮುಂದಿನ ಮಂಚಕ್ಕೆ ಹೋದರು. ಮಾರನೆಯ ದಿನ ಮಾತ್ರೆ ಕೆಲಸ ಮಾಡುತ್ತಿದೆಯೋ ಎಂದು ನೋಡಲು ನಾನು ಮತ್ತೆ ರಕ್ತ ತೆಗೆದೆ. ಇದನ್ನು ತಮಾಷೆಗೆ ಸೇರಿಸಿದ್ದಲ್ಲ. ನಿಜವಾಗಿಯೂ ತೆಗೆದೆ.

ಆ ವಾರ್ಡಿನಲ್ಲಿ ಯೋಚಿಸುವ ಜೀವ ಎಂದರೆ ಸಿಸ್ಟರ್ ಪುಟ್ಟತಾಯಮ್ಮ ಒಬ್ಬರೇ. ವಾರ್ಡಿನ ಉಸ್ತುವಾರಿ ಅವರದು. ಗಾಜಿನ ಸಿರಿಂಜನ್ನು ಕುದಿಸಿ ಕುದಿಸಿ ಬಳಸುತ್ತಿದ್ದ ಕಾಲ ಕಂಡವರು. ನಮ್ಮ ಕಾಲಕ್ಕೆ ಒಮ್ಮೆ ಬಳಸಿ ಎಸೆಯುವ ಸಿರಿಂಜು, ಕೈಗವಸು, ಕೊಳವೆಗಳೆಲ್ಲ ಪೊಟ್ಟಣದಲ್ಲಿ ಬರತೊಡಗಿದ್ದವು. ಹಳೆಯ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ; ಕುದಿಸಿದ ಸೂಜಿಯಿಂದ ಯಾರ ಕಾಯಿಲೆ ಯಾರಿಗೆ ಹೋಯಿತೋ ದೇವರಿಗೇ ಗೊತ್ತು. ಆದರೆ ಪೊಟ್ಟಣ ಬಂದದ್ದೇ ನಮ್ಮ ಕೈಗೆ ಹುಚ್ಚು ಹಿಡಿಯಿತು. ಒಂದು ಗಾಯ ಕಟ್ಟಲು ಹೋದರೆ 'ಬೇಕಾಗಬಹುದು' ಎಂದು ಆರು ಪೊಟ್ಟಣ ಹರಿಯುವುದು, ಎರಡು ಬಳಸುವುದು, ನಾಲ್ಕನ್ನು ಬುಟ್ಟಿಗೆ ಹಾಕುವುದು.

ಪುಟ್ಟತಾಯಮ್ಮ ಒಂದು ವಾರ ಹೀಗೆ ಹರಿದು, ಬಳಸದೆ ಬಿಟ್ಟ ಸಾಮಾನನ್ನೆಲ್ಲ ಒಂದು ಬಟ್ಟೆ ಬುಟ್ಟಿಯಲ್ಲಿ ತುಂಬಿಟ್ಟರು. ಶನಿವಾರದ ಸಭೆಯಲ್ಲಿ ಆ ಬುಟ್ಟಿಯನ್ನು ಹೊತ್ತು ತಂದು ಸಾಹೇಬರ ಮೇಜಿನ ಮೇಲೆ ಸುರಿದರು. ಸಾಹೇಬರ ಕಾಫಿ ಲೋಟ ಕಾಣದಾಯಿತು.

"ಸಿಸ್ಟರ್, ಇದು ವೈದ್ಯಕೀಯ ವಿಷಯ. ನೀವು ಬರಬೇಡಿ" ಎಂದರು ಸಾಹೇಬರು.

"ವೈದ್ಯಕೀಯ ಆಗಿದ್ರೆ ರೋಗಿ ಮೈಮೇಲೆ ಇರ್ತಿತ್ತು ಸಾರ್. ಇದು ಕಸ. ಕಸದ ವಿಷಯ ನಂದೇ" ಎಂದರು ಪುಟ್ಟತಾಯಮ್ಮ.

ಆಸ್ಪತ್ರೆ ತಕ್ಷಣ ಕ್ರಮ ಕೈಗೊಂಡಿತು. ಪುಟ್ಟತಾಯಮ್ಮನವರನ್ನು ಬಟ್ಟೆಬರೆ ದಾಸ್ತಾನಿಗೆ ವರ್ಗ ಮಾಡಿತು. ಹೋಗುವ ದಿನ ಅವರು ನನ್ನನ್ನು ಕರೆದು, "ಡಾಕ್ಟ್ರೇ, ಪೊಟ್ಟಣ ಪಕ್ಕದಲ್ಲಿ ಇಟ್ಕೊಳ್ಳಿ, ಬೇಡ ಅನ್ನಲ್ಲ. ಕೆಲಸಕ್ಕೆ ಬೇಕಾದಾಗ ಹರೀರಿ, ಕಣ್ಣಿಗೆ ಕಂಡಾಗ ಅಲ್ಲ" ಎಂದರು. ನಾನು ವೈದ್ಯಕೀಯದಲ್ಲಿ ಓದಿದ ದಪ್ಪ ಪುಸ್ತಕಗಳಲ್ಲಿ ಇಷ್ಟು ಸಣ್ಣ, ಇಷ್ಟು ಸರಿಯಾದ ವಾಕ್ಯ ಸಿಕ್ಕಿರಲಿಲ್ಲ. ಆ ಮಾತನ್ನು ಪೊಟ್ಟಣಗಳ ಮಟ್ಟಿಗೆ ಪಾಲಿಸಿದೆ. ಪರೀಕ್ಷೆಗಳಿಗೂ ಅದೇ ಮಾತು ಅನ್ವಯಿಸುತ್ತದೆ ಎಂದು ಹೊಳೆಯಲು ಮುಂದೆ ಒಬ್ಬ ಮನುಷ್ಯನ ಎದೆಗೆ ತೂತು ಬೀಳಬೇಕಾಯಿತು.

ಅದನ್ನೂ ಹೇಳುತ್ತೇನೆ. ಅದನ್ನು ಹೇಳಲೆಂದೇ ಇಷ್ಟು ಸುತ್ತುತ್ತಿರುವುದು.

ಖಾಸಗಿ ಆಸ್ಪತ್ರೆಗೆ ನಾನು ಸೇರಿ ಕೆಲವು ವರ್ಷಗಳಾಗಿದ್ದವು. ಹೊಸದಾಗಿ ಒಂದು ಸಿ.ಟಿ. ಸ್ಕ್ಯಾನ್ ಯಂತ್ರ ಬಂದಿತ್ತು. ಅದಕ್ಕೆ ಹಾರ ಹಾಕಿ, ಕುಂಬಳಕಾಯಿ ಒಡೆದು ಒಳಗೆ ತಂದಿದ್ದರು. ನನ್ನ ಕೋಣೆಯಿಂದ ಹದಿನೈದು ಹೆಜ್ಜೆ. ಅಷ್ಟು ಹತ್ತಿರ ಅಷ್ಟು ಚೆಂದದ ಯಂತ್ರವಿದ್ದರೆ ಎಂಥವರ ಕೈಯೂ ಸುಮ್ಮನಿರುವುದಿಲ್ಲ.

ಸಿದ್ದರಾಜು ಎಂಬವರು ಬಂದರು. ಐವತ್ತರ ಆಸುಪಾಸು. ಚಾಮುಂಡಿ ಬೆಟ್ಟದ ಮೇಲೆ ಹಣ್ಣುಕಾಯಿ, ಹೂವಿನ ಅಂಗಡಿ. ದಿನಾ ಬೆಳಿಗ್ಗೆ ಮೆಟ್ಟಿಲು ಹತ್ತಿಯೇ ಅಂಗಡಿಗೆ ಹೋಗುವ ಮನುಷ್ಯ. ನೆಗಡಿ ಬಂದು ಹೋಗಿತ್ತು, ಕೆಮ್ಮು ಮಾತ್ರ ಮೂರು ವಾರದಿಂದ ಉಳಿದಿತ್ತು, ಅದೂ ಕಡಿಮೆಯಾಗುತ್ತ ಬಂದಿತ್ತು. ಹೆಂಡತಿ ನಾಗಮ್ಮ ಒತ್ತಾಯ ಮಾಡಿ ಕರೆತಂದಿದ್ದಳು. ಆಕೆಯ ಕಂಕುಳಲ್ಲಿ ಒಂದು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ.

"ಹಿಂದೆ ಒಂದ್ಸಲ ಟಿ.ಬಿ. ಆಗಿತ್ತು ಮೇಡಂ. ಆರು ತಿಂಗಳು ಮಾತ್ರೆ ನುಂಗಿ ವಾಸಿ ಆಯ್ತು" ಎಂದರು ಸಿದ್ದರಾಜು. ನಾಗಮ್ಮ ಚೀಲಕ್ಕೆ ಕೈಹಾಕಿ, "ಆಗ ತೆಗೆದಿದ್ದ ಫೋಟೋ ಐತೆ, ನೋಡಿ" ಎಂದು ದೊಡ್ಡ ಲಕೋಟೆಯ ತುದಿ ಹೊರಗೆಳೆದಳು.

"ಹಳೇದೆಲ್ಲ ಯಾಕಮ್ಮ? ಹೊಸದೇ ತೆಗೆಸೋಣ" ಎಂದೆ.

ಈ ಮಾತನ್ನು ಹೇಳಿದ ನನ್ನ ಧ್ವನಿ ಇವತ್ತಿಗೂ ನನಗೆ ಕೇಳಿಸುತ್ತದೆ. ಎಷ್ಟು ಮೃದುವಾಗಿತ್ತು! ಅವರಿಗೇನೋ ಉಪಕಾರ ಮಾಡುತ್ತಿರುವ ಧಾಟಿ. ಕಫ ಪರೀಕ್ಷೆ, ಒಂದು ಸಾದಾ ಎಕ್ಸ್‌ರೇ ಬರೆಯಬೇಕಾಗಿದ್ದವಳು ನೇರವಾಗಿ ಸಿ.ಟಿ. ಬರೆದೆ. ಸಿದ್ದರಾಜು ಕೈಮುಗಿದರು. ದೊಡ್ಡ ಪರೀಕ್ಷೆ ಬರೆದ ಡಾಕ್ಟರಮ್ಮ ದೊಡ್ಡ ಡಾಕ್ಟರಮ್ಮ ಎಂಬುದು ನಮ್ಮ ಜನ ತೋರಿಸುವ ಗೌರವ.

ಸ್ಕ್ಯಾನಿನಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಕಡಲೆಕಾಳಿನಷ್ಟು ಗಂಟು ಕಂಡಿತು. ವರದಿ ಬರೆದವರು ಜಾಣರು. ಗಂಟು ಹಳೆಯ ಕಲೆ ಇರಬಹುದು, ಕ್ಯಾನ್ಸರೂ ಇರಬಹುದು, ಚಿಕಿತ್ಸೆ ಕೊಡುವ ವೈದ್ಯರು ತಾಳೆ ನೋಡತಕ್ಕದ್ದು ಎಂದು ಬರೆದಿದ್ದರು. ಅಂದರೆ ಚೆಂಡು ಮತ್ತೆ ನನ್ನ ಅಂಗಳಕ್ಕೇ. ತಾಳೆ ನೋಡುವುದಕ್ಕೆ ಬೇಕಾದದ್ದು ಆ ಪ್ಲಾಸ್ಟಿಕ್ ಚೀಲದಲ್ಲಿತ್ತು. ನಾನು 'ಕ್ಯಾನ್ಸರ್' ಎಂಬ ಪದ ಓದಿದವಳು, ಮಿಕ್ಕ ಪದಗಳನ್ನು ಮರೆತೆ. ಸೂಜಿ ಹಾಕಿ ಆ ಗಂಟಿನ ಚೂರು ತೆಗೆಸಲು ಬರೆದೆ.

ಸೂಜಿ ಶ್ವಾಸಕೋಶವನ್ನು ಚುಚ್ಚಿ ಗಾಳಿ ಎದೆಗೂಡಿನೊಳಗೆ ಸೋರಿತು. ಶ್ವಾಸಕೋಶ ಕುಸಿಯಿತು. ಬಲ ಪಕ್ಕೆಯಲ್ಲಿ ತೂತು ಮಾಡಿ ಕೊಳವೆ ಇಟ್ಟೆವು. ಕೊಳವೆಯ ದಾರಿಯಲ್ಲಿ ಸೋಂಕು ಹೋಯಿತು, ಕೀವಾಯಿತು, ಜ್ವರ ಬಂತು. ಒಂದೊಂದಕ್ಕೂ ನಾವು ಅತ್ಯುತ್ತಮ ಚಿಕಿತ್ಸೆ ಕೊಟ್ಟೆವು. ಕೆಮ್ಮಿಗೆಂದು ನಡೆದುಕೊಂಡು ಬಂದ ಮನುಷ್ಯ ಮೂರು ವಾರ ಮಂಚದ ಮೇಲೆ, ಕೊಳವೆಯ ತುದಿಯ ನೀರಿನ ಬಾಟಲಿಯೊಳಗೆ ತನ್ನದೇ ಉಸಿರಿನ ಗುಳ್ಳೆ ಏಳುವುದನ್ನು ನೋಡುತ್ತ ಮಲಗಿದರು. ಒಂದು ದಿನ ಮಧ್ಯಾಹ್ನ ಅವರ ಉಸಿರು ಎಷ್ಟು ಕೆಟ್ಟಿತೆಂದರೆ ನಾಗಮ್ಮನನ್ನು ಹೊರಗೆ ಕಳಿಸಬೇಕಾಯಿತು. ಅವರು ಹೋಗಿಯೇಬಿಟ್ಟರು ಎಂದು ನಾನು ಅರ್ಧ ಗಂಟೆ ನಂಬಿದ್ದೆ. ಆ ಅರ್ಧ ಗಂಟೆಯ ಬಗ್ಗೆ ನನಗೆ ವ್ಯಂಗ್ಯವಾಗಿ ಬರೆಯಲು ಬರುವುದಿಲ್ಲ.

ಅದು ಆಷಾಢ. ಆಷಾಢದ ಶುಕ್ರವಾರಗಳಲ್ಲಿ ಬೆಟ್ಟದ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಅವರ ಅಂಗಡಿಯ ಬಾಗಿಲು ಮುಚ್ಚಿತ್ತು.

ಚೂರಿನ ವರದಿ ಬಂತು. ವಾಸಿಯಾದ ಹಳೆಯ ಟಿ.ಬಿ.ಯ ಕಲೆ. ಅಷ್ಟೆ.

ನಾಗಮ್ಮ ವರದಿ ಕೇಳಿ ಮಂಚದ ಕೆಳಗಿನಿಂದ ಆ ಚೀಲ ತೆಗೆದು ಲಕೋಟೆಯನ್ನು ನನ್ನ ಕೈಗಿಟ್ಟಳು. ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಬಲಗಡೆ, ಮೇಲೆ, ಅದೇ ಜಾಗದಲ್ಲಿ, ಅದೇ ಕಡಲೆಕಾಳು. ಹಾಳೆಯ ಮೂಲೆಯಲ್ಲಿ ಒಂಬತ್ತು ವರ್ಷ ಹಿಂದಿನ ತಾರೀಖು; ಅಂದಿನಿಂದ ಅದು ಬೆಳೆದೂ ಇರಲಿಲ್ಲ, ಅಲ್ಲಾಡಿಯೂ ಇರಲಿಲ್ಲ.

"ಮಾಡೋದು ಮಾಡುದ್ರಿ ಸರಿ. ನೋಡ್ಬುಟ್ಟು ಮಾಡಬಾರದಾಗಿತ್ತಾ ಡಾಕ್ಟ್ರಮ್ಮ?" ಎಂದಳು ನಾಗಮ್ಮ. ಬೈಗುಳದ ಧ್ವನಿಯಲ್ಲ. ನಿಜವಾಗಿಯೂ ಉತ್ತರ ಬೇಕಿತ್ತು ಅವಳಿಗೆ.

ನಮ್ಮ ಆಸ್ಪತ್ರೆಗೊಬ್ಬ ನಿರ್ದೇಶಕರಿದ್ದರು. ಅವರೂ ಡಾಕ್ಟರೇ, ಬಹಳ ಹಿಂದೆ. ಅವರು ನನ್ನನ್ನು ಕರೆದು, "ಇದು ಗೊತ್ತಿರುವ ತೊಡಕು, ಯಾರಿಗೆ ಬೇಕಾದರೂ ಆಗಬಹುದು ಅಂತ ಹೇಳಿಬಿಡಿ ಮೇಡಂ. ಸಹಿಯೂ ಇದೆಯಲ್ಲ" ಎಂದರು. ಸಹಿ ಇತ್ತು, ನಿಜ. ಸೂಜಿಯಿಂದ ಹೀಗಾಗಬಹುದು ಎಂಬ ಕಾಗದಕ್ಕೆ ಸಿದ್ದರಾಜು ಸಹಿ ಹಾಕಿದ್ದರು. ಡಾಕ್ಟರಮ್ಮ ಲಕೋಟೆ ತೆರೆಯದೇ ಇರಬಹುದು ಎಂಬ ಕಾಗದಕ್ಕೆ ಹಾಕಿರಲಿಲ್ಲ.

ನಾನು ಹೋಗಿ ಅವರ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತೆ. "ಸಿದ್ದರಾಜು ಅವರೇ, ಇದು ನನ್ನ ತಪ್ಪು. ಹಳೇ ಎಕ್ಸ್‌ರೇ ನೋಡಿದ್ದಿದ್ರೆ ಇದ್ಯಾವುದೂ ಬೇಕಿರಲಿಲ್ಲ. ನೋಡಲಿಲ್ಲ. ಕ್ಷಮಿಸಿ" ಎಂದೆ.

ಅವರು, "ಕೆಮ್ಮು ಮಾತ್ರ ಹೋಯ್ತು ಬುಡಿ" ಎಂದರು.

ಅವರು ಮತ್ತೆ ಮೆಟ್ಟಿಲು ಹತ್ತುವಂತಾದದ್ದು ದಸರಾ ಕಳೆದ ಮೇಲೆ. ಅದೂ ನಡುವೆ ಎರಡು ಕಡೆ ಕೂತು.

ಆಮೇಲೆ ನಾನು ಬದಲಾದೆ. ಬದಲಾದವರು ಸಾಮಾನ್ಯವಾಗಿ ಇನ್ನೊಬ್ಬರಿಗೆ ಕಾಟ ಕೊಡುತ್ತಾರೆ, ನಾನೂ ಕೊಟ್ಟೆ. ನನ್ನ ಕೈಕೆಳಗಿನ ಕಿರಿಯ ವೈದ್ಯರಿಗೆ ಒಂದು ಅರ್ಧ ಹಾಳೆ ಮಾಡಿಕೊಟ್ಟೆ. ಯಾವುದೇ ಪರೀಕ್ಷೆ ಬರೆಯುವ ಮುನ್ನ ಮೂರು ಪ್ರಶ್ನೆ: ಇದು ಹಿಂದೆ ಆಗಿದೆಯೇ? ಇದರ ಫಲದಿಂದ ನಾನು ಮಾಡುವ ಚಿಕಿತ್ಸೆ ಬದಲಾಗುತ್ತದೆಯೇ? ಇದರಲ್ಲಿ ಬೇರೇನಾದರೂ ಕಂಡರೆ ಏನು ಮಾಡುತ್ತೇನೆ? ಮೂರಕ್ಕೂ ಉತ್ತರವಿದ್ದರೆ ಬರೆಯಿರಿ, ಇಲ್ಲದಿದ್ದರೆ ಪೆನ್ನಿನ ಕ್ಯಾಪ್ ಹಾಕಿ.

ಜನರಿಗೆ ಇದು ಇಷ್ಟವಾಯಿತೆಂದು ಯಾರೂ ತಿಳಿಯಬಾರದು. ಸಾದಾ ಜ್ವರಕ್ಕೆ ಬಂದ ನನ್ನ ಸೋದರತ್ತೆ, ಹಿನಕಲ್ಲಿನವಳು, "ಬಾಟ್ಲಿ ಹಾಕಲ್ವಾ?" ಎಂದು ಕೇಳಿದಳು. ಗ್ಲೂಕೋಸ್ ಬೇಡ, ಉಪ್ಪು ಹಾಕಿದ ಮಜ್ಜಿಗೆ ಕುಡಿ ಎಂದೆ. "ಮಜ್ಜಿಗೆ ಕುಡಿಯಕ್ಕೆ ನಿನ್ನ ಅಷ್ಟು ಓದುಸ್ಬೇಕಿತ್ತಾ ನಿಮ್ಮಪ್ಪ?" ಎಂದು ಸೆರಗು ಕೊಡವಿಕೊಂಡು ಎದ್ದಳು. ಎರಡು ದಿನ ಬಿಟ್ಟು ಮುಂಗೈಗೆ ಅಂಟಿಸಿದ ಪ್ಲಾಸ್ಟರು ತೋರಿಸಲೆಂದೇ ಮನೆಗೆ ಬಂದಳು. "ನೀ ಹಾಕ್ಲಿಲ್ಲ, ಬೇರೆ ಕಡೆ ಹಾಕುಸ್ಕೊಂಡೆ. ಬಾಟ್ಲಿ ಮುಗಿಯೋ ಹೊತ್ಗೆ ಜ್ವರ ಬುಟ್ಟೋಯ್ತು ಕಣೇ!" ಅದು ಹೇಗೂ ಆ ದಿನ ಬಿಡುವ ಜ್ವರ ಎಂದು ವಾದಿಸಲು ಹೋಗಲಿಲ್ಲ. ಅವಳಿಗೆ ಕಾಫಿ ಮಾಡಿಕೊಟ್ಟೆ.

ನಿರ್ದೇಶಕರಿಗೂ ಇಷ್ಟವಾಗಲಿಲ್ಲ. "ಮೇಡಂ, ನಿಮ್ಮ ವಿಭಾಗದಿಂದ ಬರೋ ಸ್ಕ್ಯಾನ್ ತುಂಬಾ ಕಮ್ಮಿ ಆಗಿದೆ. ಮಧ್ಯಾಹ್ನದ ಮೇಲೆ ಯಂತ್ರ ಸುಮ್ಮನೆ ಕೂತಿರುತ್ತೆ" ಎಂದರು.

"ಕೂತಿರಲಿ ಬಿಡಿ ಸರ್. ಅದಕ್ಕೇನೂ ಬೇಜಾರಾಗಲ್ಲ" ಎಂದೆ.

ಅವರಿಗೆ ಬೇಜಾರಾಯಿತು. ಮುಂದಿನ ವಾರ ನನ್ನ ಕೋಣೆಯನ್ನು ಎರಡನೆಯ ಮಹಡಿಯ ತುದಿಗೆ, ಲಿಫ್ಟು ತಲುಪದ ಕಡೆಗೆ ಬದಲಾಯಿಸಿದರು. ರೋಗಿಗಳು ಹತ್ತಿ ಬಂದರೆ ಅರ್ಧ ಹೃದಯ ಪರೀಕ್ಷೆ ಅಲ್ಲೇ ಮುಗಿಯುತ್ತಿತ್ತು. ನಿರ್ದೇಶಕರಿಗೆ ಗೊತ್ತಿಲ್ಲದೆಯೇ ಅವರೊಂದು ಪರೀಕ್ಷೆ ಉಳಿಸಿಕೊಟ್ಟಿದ್ದರು.

ಇಲ್ಲಿಗೆ ಕಥೆ ಮುಗಿಸಿದರೆ ನಾನು ಗೆದ್ದವಳಂತೆ ಕಾಣುತ್ತೇನೆ. ಆದರೆ ನನ್ನ ಇನ್ನೊಂದು ತಪ್ಪು ಬಾಕಿ ಇದೆ.

ಕಿರಿಯರಲ್ಲಿ ಸಹನಾ ಎಂಬ ಹುಡುಗಿ ಇದ್ದಳು. ನರಸೀಪುರದ ಕಡೆಯವಳು, ಅವರ ಮನೆಯಲ್ಲಿ ಮೊದಲ ಡಾಕ್ಟರು. ನನ್ನ ಅರ್ಧ ಹಾಳೆಯನ್ನು ಅವಳಷ್ಟು ಶ್ರದ್ಧೆಯಿಂದ ಯಾರೂ ಹಿಡಿಯಲಿಲ್ಲ. ನನಗೆ ಉತ್ಸಾಹ ಹೆಚ್ಚಾಗಿ, ತಿಂಗಳಿಗೊಮ್ಮೆ ಯಾರು ಅತಿ ಕಡಿಮೆ ಪರೀಕ್ಷೆ ಬರೆದಿದ್ದಾರೆಂದು ನೋಡಿ ಅವರ ಹೆಸರನ್ನು ನೋಟಿಸ್ ಬೋರ್ಡಿನಲ್ಲಿ ಹಾಕಿಸತೊಡಗಿದೆ. ಹಳೆಯ ಸಾಹೇಬರು ಪರೀಕ್ಷೆ ಮಾಡಿಸದವರನ್ನು ಅವಮಾನಿಸುತ್ತಿದ್ದರು. ನಾನು ಮಾಡಿಸಿದವರನ್ನು ಅವಮಾನಿಸತೊಡಗಿದೆ. ಇದನ್ನು ನಾನು ಸುಧಾರಣೆ ಎಂದು ಕರೆದೆ. ಸಹನಾ ಮೂರು ತಿಂಗಳು ಸತತವಾಗಿ ಮೊದಲು.

ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಾನು ಕಾಫಿಗೆಂದು ಕೆಳಗಿಳಿಯುತ್ತಿದ್ದೆ. ಔಷಧಿ ಕೊಡುವ ಕಿಟಕಿಯ ಎದುರಿನ ಬೆಂಚಿನಲ್ಲಿ ಒಬ್ಬ ಹೆಂಗಸು ದವಡೆ ಹಿಡಿದುಕೊಂಡು ಕೂತಿದ್ದರು. ಕುಪ್ಪಸದ ಬೆನ್ನು ಬೆವರಿಗೆ ಒದ್ದೆ. ಅದು ಬೆವರುವ ದಿನವಲ್ಲ, ಬೆವರುವ ಜಾಗವೂ ಅಲ್ಲ.

"ಹಲ್ಲುನೋವಾ ಅಮ್ಮ?"

"ಅಲ್ಲ ಮೇಡಂ, ಗ್ಯಾಸು. ಎದೆ ಉರಿ. ಡಾಕ್ಟ್ರು ಸಿರಪ್ ಬರ್ದವ್ರೆ."

ಹೆಸರು ರತ್ನಮ್ಮ, ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಯವರು. ಬೆಳಿಗ್ಗೆ ಅಕ್ಕಿ ಮೂಟೆ ಎತ್ತಿದಾಗಿನಿಂದ ಹೀಗಂತೆ. ಚೀಟಿ ನೋಡಿದೆ. ಸಹನಾಳ ದುಂಡು ಅಕ್ಷರ: 'ಆಮ್ಲೀಯತೆ. ಪರೀಕ್ಷೆ ಅಗತ್ಯವಿಲ್ಲ.' ಕೊನೆಯ ವಾಕ್ಯಕ್ಕೆ ಅಡಿಗೆರೆ ಬೇರೆ. ಆ ಅಡಿಗೆರೆ ನನ್ನನ್ನು ಮೆಚ್ಚಿಸಲು ಎಳೆದದ್ದು.

ದವಡೆ ನೋವು, ಬೆವರು ಹೃದಯದ್ದೂ ಇರಬಹುದೆಂದು ಅಲ್ಲೇ ಗಾಲಿಕುರ್ಚಿ ತರಿಸಿ ಒಳಗೆ ಕರೆದೊಯ್ದು ಇ.ಸಿ.ಜಿ. ಮಾಡಿಸಿದೆ. ಕಾಗದದ ಪಟ್ಟಿ ಹೊರಬರುತ್ತಿದ್ದಂತೆಯೇ ಗೊತ್ತಾಯಿತು: ದೊಡ್ಡ ಹೃದಯಾಘಾತ. ಸಿರಪ್ ಹಿಡಿದುಕೊಂಡು ಬಸ್ಸು ಹತ್ತಿದ್ದರೆ ಮನೆ ತಲುಪುತ್ತಿದ್ದರೋ ಇಲ್ಲವೋ. ಒಂದು ಗಂಟೆಯೊಳಗೆ ಮುಚ್ಚಿದ್ದ ರಕ್ತನಾಳ ತೆರೆಸಿದೆವು. ಬದುಕಿದರು.

ಸಹನಾ ನನ್ನ ಕೋಣೆಗೆ ಬಂದು ಬಾಗಿಲ ಬಳಿಯೇ ನಿಂತಳು. ಕಣ್ಣು ಕೆಂಪಾಗಿತ್ತು. "ಮೇಡಂ, ಬೇಡದ್ದು ಬರೀಬೇಡಿ ಅಂತ ನೀವೇ ಅಲ್ವಾ ಹೇಳಿದ್ದು?"

"ಬೇಡದ್ದು ಅಂದೆ ಕಣಮ್ಮ. ಬೇಕಾದ್ದು ಅಂದಿರಲಿಲ್ಲ."

ಚುರುಕಾದ ಉತ್ತರ ಕೊಟ್ಟೆನೆಂದು ಒಂದು ಕ್ಷಣ ಹೆಮ್ಮೆಯಾಯಿತು. ಅವಳು ತಲೆ ತಗ್ಗಿಸಿ ತಿರುಗಿದಾಗ ನಾಚಿಕೆಯಾಯಿತು. "ಇರು. ಬಾ ಇಲ್ಲಿ, ಕೂತ್ಕೊ" ಎಂದೆ. "ನೀನು ಆ ಹೆಂಗಸನ್ನ ನೋಡಿ ಬರೆಯಲಿಲ್ಲ. ನನ್ನ ಬೋರ್ಡು ನೋಡಿ ಬರೆದೆ. ಆ ಬೋರ್ಡು ಹಾಕಿದ್ದು ನಾನು. ಅರ್ಧ ತಪ್ಪು ನಿಂದು, ಅರ್ಧ ನಂದು."

"ಅರ್ಧನೇನಾ ಮೇಡಂ?" ಎಂದಳು ಅವಳು, ಅಳುತ್ತಲೇ.

ಈ ಹುಡುಗಿ ಒಳ್ಳೆಯ ಡಾಕ್ಟರಾಗುತ್ತಾಳೆ ಎಂದು ನನಗೆ ಗೊತ್ತಾದದ್ದು ಆಗ. ಇಬ್ಬರೂ ಹೋಗಿ ಬೋರ್ಡಿನಿಂದ ಆ ಪಟ್ಟಿ ಕಿತ್ತು ಹಾಕಿದೆವು. ಆಮೇಲೆ ರತ್ನಮ್ಮನವರ ಬಳಿ ಹೋಗಿ ನಡೆದದ್ದನ್ನು ಇದ್ದಹಾಗೆ ಹೇಳಿದೆವು. ಅವರು ಸಹನಾಳ ಕೈ ಹಿಡಿದುಕೊಂಡು, "ನಂಗೂ ಗ್ಯಾಸು ಅಂತಲೇ ಅನ್ಸಿತ್ತು ಬುಡವ್ವ" ಎಂದರು. ಮುಂದೆ ರತ್ನಮ್ಮ ತಪಾಸಣೆಗೆ ಬಂದಾಗಲೆಲ್ಲ ಸಹನಾಳನ್ನೇ ಕೇಳಿ ಕೂರುತ್ತಿದ್ದರು.

ಇದಾಗಿ ಕೆಲವು ವರ್ಷಕ್ಕೆ ನಾನು ನಿವೃತ್ತಳಾದೆ. ಬೀಳ್ಕೊಡುಗೆಯ ದಿನ ನಿರ್ದೇಶಕರು ನನ್ನ 'ಮಿತವ್ಯಯದ ಆದರ್ಶ'ವನ್ನು ಕೊಂಡಾಡಿ, ಆಸ್ಪತ್ರೆಯ ಕಡೆಯಿಂದ ಪ್ರೀತಿಯ ಕಾಣಿಕೆ ಎಂದು ಒಂದು ಲಕೋಟೆ ಕೊಟ್ಟರು. ಒಳಗಿದ್ದದ್ದು 'ತಲೆಯಿಂದ ಕಾಲಿನವರೆಗೆ ಸಂಪೂರ್ಣ ತಪಾಸಣೆ'ಯ ಉಚಿತ ಚೀಟಿ. ಅವರು ಅದನ್ನು ವ್ಯಂಗ್ಯಕ್ಕೆ ಕೊಟ್ಟರೋ, ಅಭ್ಯಾಸಬಲದಿಂದ ಕೊಟ್ಟರೋ ತಿಳಿಯಲಿಲ್ಲ.

ಅದನ್ನು ಹರಿದು ಹಾಕಿದೆ ಎಂದು ಬರೆಯಲು ಆಸೆ. ಹರಿಯಲಿಲ್ಲ. ಅವಧಿ ಮುಗಿಯಲು ನಾಲ್ಕು ದಿನವಿದ್ದಾಗ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ಸಾಲಿನಲ್ಲಿ ಕೂತೆ. ನನಗೆ ಏನೂ ಆಗಿರಲಿಲ್ಲ. ಪುಕ್ಕಟೆ ಇತ್ತು, ಅಷ್ಟೆ.

ವರದಿ ಬಂತು. ಎಲ್ಲ ಸರಿ. ಕೊನೆಯಲ್ಲಿ ಒಂದು ಸಾಲು: ಎಡ ಮೂತ್ರಪಿಂಡದಲ್ಲಿ ಸಣ್ಣ ನೀರುಗುಳ್ಳೆ, ಬೇಕಿದ್ದರೆ ಸಿ.ಟಿ. ಮಾಡಿಸಬಹುದು. ವಯಸ್ಸಾದ ಎಷ್ಟೋ ಜನರಲ್ಲಿ ಇರುವಂಥದ್ದು, ಅದರಿಂದ ಏನೂ ಆಗುವುದಿಲ್ಲ ಎಂದು ನಾನು ಸಾವಿರ ಸಲ ಹೇಳಿದ್ದೇನೆ. ಆದರೆ ಅದೆಲ್ಲ ಬೇರೆಯವರ ಮೂತ್ರಪಿಂಡದ ಗುಳ್ಳೆ. ಇದು ನನ್ನದು. ಮನೆಗೆ ಬಂದು ಅಡುಗೆ ಮಾಡಿದೆ, ಉಪ್ಪು ಹಾಕಲು ಮರೆತೆ. ಮೂರು ದಿನ ಎಡ ಪಕ್ಕೆ ನೋವು ಬಂತು. ಗುಳ್ಳೆ ಇದ್ದ ಕಡೆಯೇ, ವರದಿ ಓದಿದ ಮೇಲೆಯೇ.

ನಾಲ್ಕನೆಯ ದಿನ ಸಹನಾಳ ಬಳಿ ಹೋದೆ. ಅವಳು ಈಗ ಅಲ್ಲಿನ ಹಿರಿಯ ವೈದ್ಯೆ. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಟೋಕನ್ ತೆಗೆದುಕೊಂಡು ಕಾದು ಒಳಗೆ ಹೋದೆ. ಅವಳು ಎದ್ದು ನಿಂತು, ಕೂರಿಸಿ, ತಪಾಸಣೆಯಲ್ಲಿ ತೆಗೆದಿದ್ದ ಅಲ್ಟ್ರಾಸೌಂಡ್ ಚಿತ್ರಗಳನ್ನು ಒಂದೊಂದಾಗಿ ನೋಡಿದಳು.

"ಮೇಡಂ, ಬರೀ ನೀರಿನ ಗುಳ್ಳೆ. ಏನೂ ಮಾಡೋದು ಬೇಡ."

"ಗೊತ್ತು ಕಣಮ್ಮ. ಆದ್ರೂ ಒಂದ್ಸಲ ಸಿ.ಟಿ. ಮಾಡಿಸಿಬಿಡೋಣ್ವಾ? ಮನಸ್ಸಿಗೆ ಸಮಾಧಾನ" ಎಂದೆ.

ಹೇಳಿದ ಮೇಲೆ ನನಗೇ ಕೇಳಿಸಿತು. ಸಹನಾ ನಗಬಹುದಿತ್ತು. ನನ್ನ ಮೂರು ಪ್ರಶ್ನೆಗಳನ್ನು ನನಗೇ ಒಪ್ಪಿಸಬಹುದಿತ್ತು. 'ಆಯ್ತು ಮೇಡಂ' ಎಂದು ಬರೆದುಕೊಟ್ಟಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಅವಳು ಪೆನ್ನು ಪಕ್ಕಕ್ಕಿಟ್ಟು ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡಳು. "ನಿಮಗೆ ಯಾವುದರ ಭಯ ಮೇಡಂ?" ಎಂದು ಕೇಳಿದಳು.

ಇಡೀ ವೃತ್ತಿಯಲ್ಲಿ ಈ ಪ್ರಶ್ನೆಯನ್ನು ನಾನು ಯಾರಿಗೂ ಕೇಳಿರಲಿಲ್ಲ. ನನ್ನ ಅರ್ಧ ಹಾಳೆಯಲ್ಲೂ ಇದು ಇರಲಿಲ್ಲ. ನಮ್ಮಕ್ಕ ಮೂತ್ರಪಿಂಡ ಕೆಟ್ಟು ತೀರಿಕೊಂಡದ್ದನ್ನು ಹೇಳಿದೆ. ವಾರಕ್ಕೆ ಎರಡು ಸಲ ಅವಳ ಡಯಾಲಿಸಿಸ್‌ಗೆ ಜೊತೆಯಲ್ಲಿ ಹೋಗುತ್ತಿದ್ದುದನ್ನು ಹೇಳಿದೆ. ಸಹನಾ ಕೇಳಿದಳು. ಆಮೇಲೆ ಕಾಗದದ ಮೇಲೆ ಮೂತ್ರಪಿಂಡ ಬರೆದು, ಗುಳ್ಳೆ ಬರೆದು, ಅಕ್ಕನ ಕಾಯಿಲೆ ಬೇರೆ, ಇದು ಬೇರೆ ಎಂದು ನನಗೇನೂ ಗೊತ್ತಿಲ್ಲವೇನೋ ಎಂಬಂತೆ, ಒಂದಿಷ್ಟೂ ಅವಸರವಿಲ್ಲದೆ ವಿವರಿಸಿದಳು. ಎಲ್ಲವೂ ನನಗೆ ಗೊತ್ತಿದ್ದದ್ದೇ. ಆದರೂ ಅವಳ ಬಾಯಿಂದ ಕೇಳಬೇಕಾಗಿತ್ತು. ಅರ್ಧಕ್ಕೆ ಬರುವ ಹೊತ್ತಿಗೆ ಎಡ ಪಕ್ಕೆಯ ನೋವು ಹೋಗಿತ್ತು.

ಹೊರಗೆ ಬಂದಾಗ ಕಾಯುತ್ತಿದ್ದವರೆಲ್ಲ ನನ್ನನ್ನು ತಿಂದುಹಾಕುವಂತೆ ನೋಡಿದರು. ಮುಂದಿನ ಟೋಕನ್ನಿನ ಹೆಂಗಸು ಎದ್ದು ನಿಂತು ಕೇಳಿದಳು:

"ಇಷ್ಟೊತ್ತು ಒಳ್ಗೇ ಇದ್ರಲ್ಲ, ಭಾರೀ ಕಾಯ್ಲೆಯಾ ಅಮ್ಮ?"

"ಇಲ್ಲ, ಏನೂ ಇಲ್ಲ ಅಂದ್ರು."

"ಏನೂ ಇಲ್ಲ ಅನ್ನಕ್ಕೆ ಇಷ್ಟೊತ್ತಾ?"

"ಹೂಂ ಕಣಮ್ಮ" ಎಂದೆ. "ಏನೋ ಇದೆ ಅನ್ನೋಕಾಗಿದ್ರೆ ಒಂದು ನಿಮಿಷ ಸಾಕಾಗಿತ್ತು."